ಅಮ್ಮಯಮ್ಮನ ಅಂಗಾಲು

ಸೂಲಿಬೆಲೆಗೆ ಹತ್ತಿರದ ಆ ಹಳ್ಳಿಯಲ್ಲಿ ಅಮ್ಮಯಮ್ಮ ಕೂತದ್ದನ್ನು ಕಂಡವರು ಕಡಿಮೆ. ಮದುವೆ ಮನೆಗೆ ಹೋದರೆ ಪಂಕ್ತಿಯಲ್ಲಿ ಕೂರುವುದು ಬಿಟ್ಟು ಸಾರಿನ ಬಕೆಟ್ಟು ಹಿಡಿದು ಬಡಿಸಲು ನಿಂತುಬಿಡುವಳು. ಬಸ್ಸಿಗೆ ಕಾಯುವಾಗ ಕಟ್ಟೆ ಖಾಲಿಯಿದ್ದರೂ ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗಿ ಬರುತ್ತಲೇ ಇರುವಳು, ಹಾಗೆ ಮಾಡಿದರೆ ಬಸ್ಸು ಬೇಗ ಬರುತ್ತದೆ ಎನ್ನುವ ಹಾಗೆ. ಯಾರಾದರೂ ರಟ್ಟೆ ಹಿಡಿದು ಕೂರಿಸಿದರೂ ಕಾಲಿನ ಹೆಬ್ಬೆರಳು ಮಾತ್ರ ಆಡುತ್ತಲೇ ಇರುತ್ತಿತ್ತು. "ನಿನ್ನ ಕಾಲಿಗೆ ಚಕ್ರ ಕಟ್ಟಿ ಕಳಿಸವ್ನೆ ಕಣಮ್ಮಿ ದ್ಯಾವ್ರು" ಎಂದು ಪಕ್ಕದ ಮನೆಯ ಬೈರಮ್ಮ ರೇಗಿಸುತ್ತಿದ್ದಳು. ಅಮ್ಮಯಮ್ಮ ನಗುತ್ತಿದ್ದಳು, ನಗುತ್ತಲೇ ಎದ್ದು ಹೋಗಿಯೂ ಬಿಡುತ್ತಿದ್ದಳು.

ಇದು ಅವಳ ಹುಟ್ಟುಗುಣ ಎಂದು ಊರು ನಂಬಿತ್ತು. ಹುಟ್ಟುಗುಣವಲ್ಲ. ಅವಳನ್ನು ಹದಿನೆಂಟು ತುಂಬುವ ಮೊದಲೇ ಜಡಿಗೇನಹಳ್ಳಿ ಕಡೆಗೆ ಕೊಟ್ಟಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ. ಅಮ್ಮಯಮ್ಮ ಜಗಳ ತೆಗೆಯಲಿಲ್ಲ, ಅಳಲಿಲ್ಲ. ತವರಿನವರು ಕೊಟ್ಟಿದ್ದ ತಗಡಿನ ಟ್ರಂಕನ್ನು ತಲೆಯ ಮೇಲೆ ಹೊತ್ತು ಉರಿಬಿಸಿಲಲ್ಲಿ ನಡೆದೇ ವಾಪಸು ಬಂದಳು. ಜಗಲಿಯ ಮೇಲಿದ್ದ ಅಪ್ಪ ಮಗಳನ್ನು ನೋಡಿದ, ಟ್ರಂಕನ್ನು ನೋಡಿದ, ಬಾಯಿ ಬಿಡಲಿಲ್ಲ. ಒಳಗೆ ರೇಷ್ಮೆ ಹುಳುಗಳು ಸೊಪ್ಪಿಲ್ಲದೆ ತಲೆ ಎತ್ತಿ ಆಡಿಸುತ್ತಿದ್ದವು. ಆಳು ಬಂದಿರಲಿಲ್ಲ. ಅವಳು ಟ್ರಂಕು ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಕರಿ ಎತ್ತಿಕೊಂಡು ಹಿಪ್ಪುನೇರಳೆ ತೋಟಕ್ಕೆ ನಡೆದಳು. ತಂದ ಸೊಪ್ಪನ್ನು ತಟ್ಟೆಗಳಿಗೆ ಹರಡಿದ ಮೇಲೆ ಅಪ್ಪ, "ತಿಂತಾ ಅವಾ?" ಎಂದು ಕೇಳಿದ. "ತಿಂತಾ ಅವೆ" ಎಂದಳು. ಗಂಡನ ಮನೆಯ ವಿಚಾರ ಅಲ್ಲಿಗೆ ಮುಗಿಯಿತು. ಯಾವಾಗ ಹೋಗುತ್ತೀಯ ಎಂದು ಮುಂದೆಯೂ ಯಾರೂ ಕೇಳಲಿಲ್ಲ.

ಕೇಳದೆ ಇದ್ದದ್ದಕ್ಕೆ ಕಾರಣ ತನ್ನ ಕಾಲು ಎಂದು ಅಮ್ಮಯಮ್ಮ ತೀರ್ಮಾನ ಮಾಡಿಕೊಂಡುಬಿಟ್ಟಳು. ಕಾಲು ಓಡುತ್ತಿರುವ ತನಕ ಈ ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ, ನಿಂತ ದಿನ ಕೇಳುತ್ತಾರೆ. ಹುಚ್ಚು ತೀರ್ಮಾನ ಅನ್ನಿ. ಆದರೆ ಇಪ್ಪತ್ತು ವರ್ಷ ಅವಳು ಅದನ್ನೇ ನೆಚ್ಚಿಕೊಂಡು ಬದುಕಿದಳು. ಅಪ್ಪ ಅಮ್ಮ ತೀರಿಕೊಂಡರು, ತಮ್ಮ ಆದಿನಾರಾಯಣಪ್ಪ ಮನೆಯ ಯಜಮಾನನಾದ, ದೊಡ್ಡಬೆಳವಂಗಲದ ಕಡೆಯಿಂದ ಭಾಗ್ಯಮ್ಮ ಅವನ ಹೆಂಡತಿಯಾಗಿ ಬಂದಳು. ಏನು ಬದಲಾದರೂ ಹುಳುವಿನ ಮನೆ ಮಾತ್ರ ಅಮ್ಮಯಮ್ಮನದೇ ಆಗಿತ್ತು.

ಹುಳುವಿನ ಮನೆ ಎಂದರೆ ಬೇರೆ ಕಟ್ಟಡವಲ್ಲ. ಮನೆಯ ನಡುವಿನ ದೊಡ್ಡ ಅಂಕಣದಲ್ಲೇ ಬಿದಿರಿನ ತಟ್ಟೆಗಳನ್ನು ಅಂತಸ್ತಂತಸ್ತಾಗಿ ಜೋಡಿಸಿರುತ್ತಿದ್ದರು. ಹುಳುವಿನ ಬೆಳೆ ಇದ್ದಷ್ಟು ದಿನ ಬಾಗಿಲಿಗೆ ಬೇವಿನ ಸೊಪ್ಪು, ಹೊಸ್ತಿಲಿಗೆ ಸುಣ್ಣ. ಹೊರಗಿನವರು ಒಳಗೆ ಕಾಲಿಡುವಂತಿಲ್ಲ, ಒಳಗಿನವರು ಸುಮ್ಮಸುಮ್ಮನೆ ಬೇರೆ ಮನೆ ತಿರುಗುವಂತಿಲ್ಲ. ಒಲೆಯ ಮೇಲೆ ಎಣ್ಣೆ ಕಾಯಿಸುವಂತಿಲ್ಲ, ಒಗ್ಗರಣೆಯ ಘಾಟು ಹುಳುವಿಗೆ ಆಗದು. ಅಮ್ಮಯಮ್ಮ ಅಲ್ಲಿ ಯಾವಾಗಲೂ ಬರಿಗಾಲು. ಕಣ್ಣಿಗೆ ಬೀಳದ್ದು ಅವಳ ಅಂಗಾಲಿಗೆ ಬೀಳುತ್ತಿತ್ತು. ನೆಲದಲ್ಲಿ ತೇವ ಜಾಸ್ತಿಯಾಗಿದೆಯೇ, ಇರುವೆ ಸಾಲು ಹತ್ತಿದೆಯೇ, ತಟ್ಟೆಯಿಂದ ಹುಳು ಉದುರಿದೆಯೇ, ಎಲ್ಲವನ್ನೂ ಕಾಲೇ ಹೇಳುತ್ತಿತ್ತು. ಇಷ್ಟು ವರ್ಷದಲ್ಲಿ ಅವಳ ಕಾಲಡಿ ಒಂದು ಹುಳುವೂ ಸತ್ತಿರಲಿಲ್ಲ.

ಎಂಬತ್ತೊಂಬತ್ತರ ಮಳೆಗಾಲದಲ್ಲಿ ಅವಳಿಗೆ ಟೈಫಾಯ್ಡ್ ಬಂತು.

ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಮೊದಲು ನಡೆಯುವ ಕೆಲಸ ಡಾಕ್ಟರನ್ನು ಕರೆಯುವುದಲ್ಲ, ಮುದ್ದೆ ನಿಲ್ಲಿಸುವುದು. ಎರಡನೆಯದು ಬ್ರೆಡ್ಡು ತರುವುದು. ಆರೋಗ್ಯವಾಗಿರುವವನು ಬ್ರೆಡ್ಡು ತಿಂದರೆ "ಏನಪ್ಪಾ, ಹುಷಾರಿಲ್ವಾ?" ಎಂದು ಕೇಳುವ ಊರು ಅದು. ರೋಗಿಯನ್ನು ನೋಡಲು ಬರಿಗೈಲಿ ಹೋಗುವುದು ಮರ್ಯಾದೆಯಲ್ಲ. ಮೇಣದ ಕಾಗದ ಸುತ್ತಿದ ಬ್ರೆಡ್ಡೋ, ಪೇಪರಿನಲ್ಲಿ ಕಟ್ಟಿಸಿದ ಬನ್ನೋ, ರಸ್ಕೋ ಕೈಯಲ್ಲಿರಬೇಕು. ಸೂಲಿಬೆಲೆಯ ಬೇಕರಿ ನಡೆಯುತ್ತಿದ್ದದ್ದೇ ಸುತ್ತಿನ ಹಳ್ಳಿಗಳ ಜ್ವರದ ಮೇಲೆ ಎಂದರೂ ನಡೆಯುತ್ತದೆ. ಊರಿನಲ್ಲಿ ಯಾರಿಗೆ ಕೆಮ್ಮು ಬಂದರೂ ಮೊದಲು ಬನ್ನು ಹಿಡಿದು ಓಡುತ್ತಿದ್ದವಳು ಅಮ್ಮಯಮ್ಮ. ಹಾಗಾಗಿ ಅವಳು ಮಲಗಿದಾಗ ಊರಿಗೆ ಊರೇ ಋಣ ತೀರಿಸಲು ಬಂತು. ಮೂಲೆಯ ಗೂಡಿನಲ್ಲಿ ಬ್ರೆಡ್ಡಿನ ಪೌಂಡುಗಳು ಇಟ್ಟಿಗೆಯ ಹಾಗೆ ಪೇರಿಕೊಂಡವು.

ಜ್ವರ ಬಿಟ್ಟಿತು. ಕಾಲು ಹಿಡಿಯಿತು.

ಮೊದಮೊದಲು ಬೆರಳ ತುದಿಯಲ್ಲಿ ಚುಚ್ಚು. ಆಮೇಲೆ ಮೆಣಸಿನಕಾಯಿ ಅರೆದ ಕೈಯಂಥ ಉರಿ, ಅಂಗಾಲಿನ ತುಂಬ. ಸ್ವಲ್ಪ ದಿನಕ್ಕೆ ಉರಿಯ ನಡುನಡುವೆ ಜೋಮು ಬಂತು. ಗೋಣಿಚೀಲ ಸುತ್ತಿಕೊಂಡು ನಡೆದ ಹಾಗೆ ನೆಲವೇ ದೂರವಾಯಿತು. ಅಮ್ಮಯಮ್ಮ ಯಾರಿಗೂ ಹೇಳಲಿಲ್ಲ. ಬಟ್ಟೆ ಒಗೆಯುವ ನೆಪದಲ್ಲಿ ತೊಟ್ಟಿಯ ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ನಿಲ್ಲುವಳು. ಸೊಪ್ಪಿನ ಮೇಲೆ ಹೊದಿಸಿದ ಒದ್ದೆ ಗೋಣಿಯನ್ನು ಕಾಲಿಗೆ ಎಳೆದುಕೊಳ್ಳುವಳು. ಯಾರಾದರೂ ಬರುವ ಸದ್ದಾದರೆ ಚಂಗನೆ ಪಕ್ಕಕ್ಕೆ ಸರಿದು ಏನಾದರೂ ಎತ್ತಿಡುವಳು. ಎದೆಯೊಳಗೆ ಭಯ. ನೋವಿನ ಭಯವಲ್ಲ, ಕಂಡುಹಿಡಿದರೆ ಎಂಬ ಭಯ.

ಕಂಡುಹಿಡಿದವಳು ಭಾಗ್ಯಮ್ಮ. ಜ್ವರದ ನಂತರದ ಮೊದಲ ಬೆಳೆ ಅದು. ಜ್ವರದಲ್ಲಿ ಬಂದ ರಸ್ಕಿನ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ. ಅಮ್ಮಯಮ್ಮ ಮೇಲಿನ ಅಂತಸ್ತಿನ ತಟ್ಟೆ ಇಳಿಸಿ ಸೊಪ್ಪು ಹರಡುತ್ತಿದ್ದಳು. ಭಾಗ್ಯಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ನೆಲದ ಮೇಲೆ, ತಟ್ಟೆಯಿಂದ ಗೋಡೆಯ ತನಕ, ಹೆಜ್ಜೆಗೊಂದರಂತೆ ಹಸಿರು ಕಲೆ.

"ಅಕ್ಕಯ್ಯ, ಕಾಲು ಎತ್ತು."

ಅಮ್ಮಯಮ್ಮ ಕಾಲೆತ್ತಿದಳು. ಅಂಗಾಲಿಗೆ ಒಂದು ಹುಳು ಅಪ್ಪಚ್ಚಿಯಾಗಿ ಅಂಟಿಕೊಂಡಿತ್ತು. ಇನ್ನೊಂದು ಹಿಮ್ಮಡಿಯ ಬಳಿ. ತುಳಿದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಅವಳು ಅದನ್ನು ನೋಡುತ್ತಾ ಒಂಟಿಗಾಲಲ್ಲಿ ನಿಂತಳು, ಗೋಡೆ ಹಿಡಿಯಲು ಹೋಗಿ ಕುಸಿದಳು.

"ಎಷ್ಟು ದಿನದಿಂದ ಹಿಂಗೆ?" ಭಾಗ್ಯಮ್ಮ ಕೇಳಿದಳು.

"ಇವತ್ತೇ" ಎಂದು ಸುಳ್ಳು ಹೇಳಿದಳು ಅಮ್ಮಯಮ್ಮ.

ಅಂದಿನಿಂದ ಶುರುವಾಯಿತು ಆಸ್ಪತ್ರೆಗಳ ತಿರುಗಾಟ. ಹೊಸಕೋಟೆಯ ಡಾಕ್ಟರು ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಜೋಮು ಇದೆ ಎಂದಾಗ ಊರಿನಲ್ಲಿ ಒಬ್ಬಿಬ್ಬರು 'ದೊಡ್ಡ ರೋಗ', ಅಂದರೆ ಕುಷ್ಠ, ಇರಬಹುದೆಂದು ಗುಸುಗುಸು ಮಾಡಿದರು. ಸರ್ಕಾರದವರು ಬಂದು ಮೈಯೆಲ್ಲ ನೋಡಿ ಅದೂ ಅಲ್ಲ ಎಂದು ಹೇಳಿಹೋದರು. ಡಾಕ್ಟರು ಕೊನೆಗೆ, ನಿಂತು ನಿಂತು ನರ ದುರ್ಬಲವಾಗಿದೆ, ವಿಶ್ರಾಂತಿ ಬೇಕು ಎಂದು ಕೆಂಪು ಬಣ್ಣದ ಇಂಜೆಕ್ಷನ್ ಬರೆದುಕೊಟ್ಟರು. ನಾಟಿ ವೈದ್ಯರ ಎಣ್ಣೆ ಬಂತು. ಮೆತ್ತನೆಯ ರಬ್ಬರಿನ ಚಪ್ಪಲಿ ಬಂತು. ಯಾವುದಕ್ಕೂ ಜಗ್ಗದ ನೋವು ಬೆರಳಿನಿಂದ ಕಣಕಾಲಿನ ಹರಡಿನ ತನಕ ಹತ್ತಿತು.

ಭಾಗ್ಯಮ್ಮನ ವೈದ್ಯ ಬೇರೆಯೇ ಇತ್ತು. ಅವಳು ಅಮ್ಮಯಮ್ಮನ ತಟ್ಟೆಯಿಂದ ಮುದ್ದೆಯನ್ನು ಪೂರ್ತಿ ತೆಗೆದುಹಾಕಿದಳು. ಬೆಳಿಗ್ಗೆ ಹಾಲು ಬ್ರೆಡ್ಡು, ಮಧ್ಯಾಹ್ನ ಚಪಾತಿ, ಸಂಜೆ ಚಹಾ ರಸ್ಕು, ರಾತ್ರಿ ಮತ್ತೆ ಚಪಾತಿ. "ಮುದ್ದೆ ಜಡ ಆಯ್ತದೆ. ಜ್ವರ ಬಿದ್ದೆದ್ದ ಮೈಗೆ ಆಗಲ್ಲ" ಎಂದಳು. ಅಮ್ಮಯಮ್ಮ ಬೇಡ ಎಂದಷ್ಟೂ ಅವಳ ಹಠ ಹೆಚ್ಚಾಯಿತು. ಆ ಮನೆಯಲ್ಲಿ ಮುದ್ದೆ ಎಂದರೆ ಊಟ, ಮಿಕ್ಕಿದ್ದೆಲ್ಲ ತಿಂಡಿ. ಎಲ್ಲರೂ ಒಂದೇ ಪಾತ್ರೆಯಿಂದ ಬಿಸಿ ಮುದ್ದೆ ಮುರಿಯುವಾಗ ತನ್ನೊಬ್ಬಳ ತಟ್ಟೆಯಲ್ಲಿ ಎರಡು ಚಪಾತಿ ಒಣಗಿಕೊಂಡು ಬಿದ್ದಿರುವುದನ್ನು ನೋಡಲಾರದೆ ಅಮ್ಮಯಮ್ಮ ಗೋಡೆಯ ಕಡೆ ತಿರುಗಿ ತಿನ್ನುತ್ತಿದ್ದಳು. ತಟ್ಟೆ ಬೇರೆಯಾಯಿತು, ಇನ್ನು ಮನೆ ಬೇರೆಯಾಗುವುದು ಎಷ್ಟು ಹೊತ್ತು?

ಆ ಅನುಮಾನಕ್ಕೆ ನೀರೆರೆಯುವ ಹಾಗೆ ಮುಂದಿನ ಬೆಳೆ ಬಂತು. ಹುಳು ನೋಡಿಕೊಳ್ಳಲು ತಮ್ಮ ಕೂಲಿಗೆ ಒಬ್ಬ ಹೆಂಗಸನ್ನು ಗೊತ್ತುಮಾಡಿದ. ಹುಳು ಇರುವಾಗ ಒಲೆಯ ಮೇಲೆ ಎಣ್ಣೆ ಕಾಯಿಸುವಂತಿಲ್ಲವಲ್ಲ. ಭಾಗ್ಯಮ್ಮ ಹೋಗಿ ಬೈರಮ್ಮನನ್ನು ಕೇಳಿಕೊಂಡಳು. ಬೆಳೆ ಮುಗಿಯುವ ತನಕ ಅಮ್ಮಯಮ್ಮನ ಊಟ, ನಿದ್ದೆ ಎರಡೂ ಬೈರಮ್ಮನ ಮನೆಯ ಜಗಲಿಯ ಮೇಲೆ. ಅಲ್ಲಿ ಕೂತು ಚಪಾತಿ ಮುರಿಯುತ್ತಾ, ತನ್ನದೇ ಮನೆಯ ಬಾಗಿಲ ಬೇವಿನ ಸೊಪ್ಪನ್ನು ಅವಳು ಹೊರಗಿನವಳ ಹಾಗೆ ನೋಡುತ್ತಿದ್ದಳು. ಕೂತಲ್ಲಿ ಕೂರಲಾರಳು, ಎದ್ದರೆ ನಿಲ್ಲಲಾರಳು. ಜಗಲಿಯ ಈ ತುದಿಯಿಂದ ಆ ತುದಿಗೆ ಗೋಡೆ ಹಿಡಿದುಕೊಂಡು ಅಡ್ಡಾಡುವಳು.

"ಒಂದು ಕಡೆ ಕುಂತ್ಕೊಳೇ, ನೋಡಿ ನೋಡಿ ನನ್ಗೇ ತಲೆ ಸುತ್ತು ಬತ್ತದೆ" ಎಂದು ಬೈರಮ್ಮ ಇನ್ನೊಂದು ಬನ್ನು ಕೈಗಿಡುವಳು.

ಆ ಬೆಳೆಯ ಗೂಡು ಹತ್ತಿರದ ವಿಜಯಪುರದ ಮಾರುಕಟ್ಟೆಗೆ ಹೋದ ದಿನ ಆದಿನಾರಾಯಣಪ್ಪ ಅಕ್ಕನ ಬಳಿ ಬಂದು ಕೂತ. ಒಳ್ಳೆಯ ಮನುಷ್ಯ, ಮಾತು ಕಡಿಮೆ. "ಅಕ್ಕಾ, ರಸ್ತೆ ಕಡೆ ಒಂದು ರೂಮು ಹಾಕಿಸ್ತೀನಿ. ದೊಡ್ಡ ಕಿಟಕಿ ಇಡಿಸ್ತೀನಿ. ನೀನು ಆರಾಮಾಗಿ ಕುಂತ್ಕೊಂಡು ಬಸ್ಸು, ಜನ ನೋಡ್ಕೊಂಡಿರು. ದುಡಿದಿದ್ದು ಸಾಕು" ಎಂದ.

ತಮ್ಮ ಪ್ರೀತಿಯಿಂದಲೇ ಹೇಳಿದ್ದ. ಆದರೆ ಅಮ್ಮಯಮ್ಮನಿಗೆ ಕೇಳಿಸಿದ್ದು ಇಪ್ಪತ್ತು ವರ್ಷದಿಂದ ಯಾರೂ ಕೇಳದೆ ಬಿಟ್ಟಿದ್ದ ಆ ಪ್ರಶ್ನೆ. ಅವಳು, "ಮುಂದಿನ ಬೆಳೆಗೆ ಕಾಲು ಸರಿ ಹೋಯ್ತದೆ ಕಣೋ ಆದಿ" ಎಂದಳು.

ಕಾಲು ಸರಿ ಹೋಗಲಿಲ್ಲ, ಆದರೆ ಮುಂದಿನ ಬೆಳೆಯೇ ಅವಳನ್ನು ಕರೆಯಿತು. ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಅಲುಗಾಡದೆ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದವೆಂದರೆ ಹೊತ್ತುಗೊತ್ತಿಲ್ಲದೆ ಮೇಯುತ್ತವೆ, ತಂದ ಸೊಪ್ಪು ತಂದಲ್ಲೇ ಮುಗಿಯುತ್ತದೆ. ಅಂಥ ಹೊತ್ತಿಗೆ ಸರಿಯಾಗಿ ಕೂಲಿಯ ಹೆಂಗಸಿಗೆ ಮೈಮೇಲೆ ಅಮ್ಮ ಎದ್ದಿತು. ಅವಳು ಒಳಗೆ ಬರುವಂತಿಲ್ಲ, ಬೇರೆ ಯಾರನ್ನೂ ಆ ಗಳಿಗೆಯಲ್ಲಿ ಕರೆಯುವಂತಿಲ್ಲ. ಭಾಗ್ಯಮ್ಮ ಒಬ್ಬಳೇ ಒದ್ದಾಡುವುದನ್ನು ನೋಡಲಾರದೆ ಅಮ್ಮಯಮ್ಮ ಬೈರಮ್ಮನ ಜಗಲಿಯಿಂದ ಎದ್ದು, ಕಾಲು ತೊಳೆದು, ಸುಣ್ಣ ತುಳಿದು ಒಳಗೆ ಬಂದಳು. "ನಾನು ಹುಳ ತುಳಿಯಲ್ಲ. ಕಣ್ಣು ನೆಲದ ಮ್ಯಾಲೇ ಇಟ್ಕೊಂಡಿರ್ತೀನಿ" ಎಂದಳು, ಬೇಡುವ ಹಾಗೆ.

ಒಮ್ಮೆ ಒಳಗೆ ಬಂದ ಮೇಲೆ ಬೈರಮ್ಮನ ಜಗಲಿಗೆ ಹೋಗಿ ಬರುವಂತಿಲ್ಲ. ಚಪಾತಿ ಬೇಯಿಸುವಂತಿಲ್ಲ. ನೆಂಟರು ಬ್ರೆಡ್ಡು ಹಿಡಿದು ಬರುವಂತಿಲ್ಲ. ಸೂಲಿಬೆಲೆಗೆ ಹೋಗಲು ಯಾರಿಗೂ ಪುರಸೊತ್ತಿಲ್ಲ. ಭಾಗ್ಯಮ್ಮ ಬೇರೆ ದಾರಿ ಕಾಣದೆ ಅವಳ ತಟ್ಟೆಗೂ ಮುದ್ದೆಯನ್ನೇ ಇಟ್ಟಳು, ಬದಿಗೆ ಒಗ್ಗರಣೆ ಇಲ್ಲದ ಬಸ್ಸಾರು. ಇಡುವಾಗ ಅವಳ ಮುಖ ಸಪ್ಪಗಾಗಿತ್ತು. ಅಮ್ಮಯಮ್ಮ ನಿಂತೇ ತಿಂದಳು.

ಮೊದಲೆರಡು ದಿನ ಕಣ್ಣಲ್ಲಿ ನೀರು ಬರುವಷ್ಟು ಉರಿ. ಆಮೇಲೆ ಕೆಲಸದ ಭರಾಟೆಯಲ್ಲಿ ಅದರ ನೆನಪು ತಪ್ಪಿತು. ಹುಳುಗಳು ಗೂಡು ಕಟ್ಟುವ ಹದಕ್ಕೆ ಹಣ್ಣಾಗಿ, ಅವನ್ನು ಆಯ್ದು ಬಿದಿರಿನ ಚಂದ್ರಿಕೆ ತಟ್ಟಿಗಳಿಗೆ ಬಿಟ್ಟು, ಗೂಡು ಕಟ್ಟಿ ಮುಗಿದ ಮೇಲೆ ಅಮ್ಮಯಮ್ಮ ತೊಟ್ಟಿಯ ಬಳಿ ನಿಂತು ಬೆರಗಾದಳು. ಹರಡಿನಲ್ಲಿದ್ದ ಉರಿ ಬೆರಳಿನ ತನಕ ಇಳಿದಿತ್ತು. ಜ್ವರದ ನಂತರ ಕಾಡುತ್ತಿದ್ದ ಹೊಟ್ಟೆಯುಬ್ಬರವೂ ಇರಲಿಲ್ಲ. ಅಷ್ಟು ಹೊತ್ತು ನಿಂತದ್ದಕ್ಕೆ ನೋವು ಹೆಚ್ಚಾಗಬೇಕಿತ್ತು. ಕಡಿಮೆಯಾಗಿತ್ತು.

ಬೇವಿನ ಸೊಪ್ಪು ಬಿಚ್ಚಿದರು. ಬಾಗಿಲು ತೆರೆಯಿತು. ಬೈರಮ್ಮ ಬನ್ನು ಹಿಡಿದು ಬಂದಳು. ಭಾಗ್ಯಮ್ಮ ತವೆ ಇಟ್ಟಳು. ತಿಂಗಳು ಕಳೆಯುವಷ್ಟರಲ್ಲಿ ಉರಿ ಮತ್ತೆ ಹರಡಿಗೆ ಹತ್ತಿತು.

ಇದೇ ಆಟ ಇನ್ನೊಂದು ಬೆಳೆಗೂ ನಡೆಯಿತು. ಹುಳು ಇದ್ದಾಗ ಇಳಿಯುತ್ತದೆ, ಹುಳು ಹೋದಾಗ ಏರುತ್ತದೆ. "ಹುಳದವ್ವ ಕಾಪಾಡ್ತಾ ಅವ್ಳೆ" ಎಂದು ಬೈರಮ್ಮ ಕೈಮುಗಿದಳು. ಮನಸ್ಸಿನ ಕಾಯಿಲೆ ಇರಬೇಕು, ಕೆಲಸ ಕೊಟ್ಟರೆ ವಾಸಿ, ಎಂದು ಆದಿನಾರಾಯಣಪ್ಪ ಹೆಂಡತಿಯೊಡನೆ ಮೆಲ್ಲಗೆ ಹೇಳಿದ್ದು ಅಮ್ಮಯಮ್ಮನ ಕಿವಿಗೂ ಬಿತ್ತು. ಅವಳಿಗೆ ಕೆಟ್ಟ ಕೋಪ ಬಂತು. ಉರಿಯುವುದು ತನ್ನ ಕಾಲು, ಮನಸ್ಸಲ್ಲ. ಆ ಕೋಪದಲ್ಲೇ ಒಬ್ಬಳೇ ಬಸ್ಸು ಹತ್ತಿ ಸೂಲಿಬೆಲೆಗೆ ಹೋದಳು. ಅಲ್ಲಿ ಹೊಸದಾಗಿ ಬಂದ ಡಾಕ್ಟರಮ್ಮನೊಬ್ಬರು ಕೂರುತ್ತಿದ್ದರು.

ಡಾಕ್ಟರಮ್ಮ ಕಾಲು ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿ ರಕ್ತ ಕಡಿಮೆ ಇದೆ ಎಂದರು. ಅಮ್ಮಯಮ್ಮ ಕುರ್ಚಿಯ ಮೇಲೆ ಕೂರದೆ ಅದರ ಬೆನ್ನು ಹಿಡಿದು ನಿಂತೇ ಎಲ್ಲ ಹೇಳಿದಳು. ಹುಳುವಿನ ವಿಚಾರ ಹೇಳುವಾಗ ನಕ್ಕಾರು ಎಂದುಕೊಂಡಿದ್ದಳು. ಅವರು ನಗಲಿಲ್ಲ.

"ಹುಳ ಇದ್ದಾಗ ಏನು ಊಟ ಮಾಡ್ತೀರಾ?"

"ಮುದ್ದೆ. ಇನ್ನೇನು ಮಾಡಾಕಾಯ್ತದೆ."

"ಇಲ್ಲದಾಗ?"

"ಕಾಯಿಲೆಯೋರು ತಿನ್ನೋದು. ಬ್ರೆಡ್ಡು, ಚಪಾತಿ, ಬನ್ನು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕೆಲವರ ಮೈಗೆ ಗೋಧಿ ಒಗ್ಗಲ್ಲಮ್ಮ. ಅದರಲ್ಲಿ ಒಂದು ಅಂಟಿನ ಅಂಶ ಇರುತ್ತೆ. ಸಾಮಾನ್ಯವಾಗಿ ಹೊಟ್ಟೆ ಕೆಡುತ್ತೆ. ಅಪರೂಪಕ್ಕೆ ನರಕ್ಕೂ ತೊಂದರೆ ಆಗಬಹುದು ಅಂತ ಓದಿದೀನಿ. ನಿಮ್ಮ ಕಾಲಿಗೆ ಅದೇ ಕಾರಣ ಅಂತ ನಾನು ಖಂಡಿತ ಹೇಳಲಾರೆ, ಪರೀಕ್ಷೆ ಮಾಡಿ ನೋಡೋಕೆ ಇಲ್ಲಿ ಅನುಕೂಲ ಇಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಕೊಡ್ತೀನಿ, ಹೋಗಿ ತೋರಿಸಿ. ಅವರೂ ಒಪ್ಪಿದ್ರೆ ಗೋಧಿ ಪೂರ್ತಿ ಬಿಟ್ಟು ನೋಡಿ. ಬ್ರೆಡ್ಡು, ಬನ್ನು ಮಾತ್ರ ಅಲ್ಲ, ರವೆ, ಮೈದಾ, ಶ್ಯಾವಿಗೆ, ಬಾಟಲಿಯ ಮಾಲ್ಟು, ಎಲ್ಲಾ. ನರ ಸುಧಾರಿಸೋಕೆ ತುಂಬ ದಿನ ಹಿಡಿಯುತ್ತೆ, ಅವಸರ ಪಡಬೇಡಿ" ಎಂದರು.

ಅವಸರ ಪಡಬೇಡಿ ಎಂದದ್ದು ಅಮ್ಮಯಮ್ಮನಿಗೆ! ಅವಳು ತಮ್ಮನನ್ನು ಹೊರಡಿಸಿಕೊಂಡು ಬೆಂಗಳೂರಿಗೂ ಹೋಗಿಬಂದಳು. ಅಲ್ಲಿಯವರು ರಕ್ತ ತೆಗೆದುಕೊಂಡರು, ಇರಬಹುದು ಎಂದರು, ಬಿಟ್ಟು ನೋಡಿ ಎಂದರು.

ವಾಪಸು ಬಂದ ದಿನ ಭಾಗ್ಯಮ್ಮ ಚಪಾತಿ ಲಟ್ಟಿಸುತ್ತಾ ಕೂತಿದ್ದಳು. ಅಮ್ಮಯಮ್ಮ ಬಾಗಿಲಲ್ಲೇ ನಿಂತು, ದಾರಿಯುದ್ದಕ್ಕೂ ಹೊಟ್ಟೆಯಲ್ಲಿಟ್ಟುಕೊಂಡು ಬಂದದ್ದನ್ನು ಕಾರಿಬಿಟ್ಟಳು. "ಎತ್ತಿಡು ಅದನ್ನ. ಅದೇ ನನ್ನ ಕಾಲು ತಿಂದಿದ್ದಂತೆ. ಬ್ಯಾಡ ಬ್ಯಾಡ ಅಂದ್ರೂ ಇಕ್ಕಿದೆ. ನನ್ ತಟ್ಟೆ ಬ್ಯಾರೆ ಮಾಡ್ದೆ, ಕಂಡೋರ ಜಗಲಿ ಮ್ಯಾಲೆ ಕುಂಡ್ರಿಸ್ದೆ. ನನ್ನ ಹೊರಗೆ ಹಾಕ್ಬೇಕು ಅಂತಿದ್ರೆ ಬಾಯಿ ಬಿಟ್ಟು ಹೇಳ್ಬೇಕಿತ್ತು ಭಾಗ್ಯ. ಟ್ರಂಕು ಇನ್ನೂ ಅಟ್ಟದ ಮ್ಯಾಲೇ ಐತೆ."

ಭಾಗ್ಯಮ್ಮನ ಕೈಯಲ್ಲಿ ಲಟ್ಟಣಿಗೆ ಹಾಗೇ ನಿಂತಿತು. ಮುಖ ಬಿಳುಚಿಕೊಂಡಿತು. ಲಟ್ಟಣಿಗೆ ಕೆಳಗಿಟ್ಟು ಬೇರೆಯೇನೋ ಹೇಳಿದಳು.

"ನಮ್ಮವ್ವಂಗೂ ಇದೇ ಜ್ವರ ಬಂದಿತ್ತು ಅಕ್ಕಯ್ಯ. ನಾನಾಗ ಇನ್ನೂ ಸಣ್ಣೋಳು. ಜ್ವರ ಬಿಟ್ಟೈತೆ ಅನ್ಕೊಂಡು ಮುದ್ದೆ ಕೇಳುದ್ಲು. ನಾನೇ ತೊಳಸಿ ಇಕ್ಕಿದ್ದು. ಎರಡು ದಿನಕ್ಕೆ ಹೋಗ್ಬಿಟ್ಲು. ಮುದ್ದೆ ತಿಂದು ಕರುಳು ತೂತಾಯ್ತು ಅಂದ್ರು ಎಲ್ರೂ." ಅವಳು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. "ನಿನ್ಗೆ ಹೇಳಿದ್ರೆ ಅಪಶಕುನ ಆಯ್ತದೆ ಅಂತ ಹೇಳ್ಲಿಲ್ಲ. ನಿನ್ ತಟ್ಟೆಗೆ ಮುದ್ದೆ ಇಡ್ಬೇಕು ಅಂದ್ರೆ ನನ್ ಕೈ ನಡುಗ್ತಿತ್ತು. ಆ ಹುಳದ ಬೆಳೇಲಿ ಇಟ್ನಲ್ಲಾ, ಅವತ್ತೆಲ್ಲಾ ನೀನು ಉಸಿರಾಡ್ತಿದೀಯೋ ಇಲ್ವೋ ಅಂತ ನೋಡ್ತಾನೇ ಇದ್ದೆ."

ಅಮ್ಮಯಮ್ಮನಿಗೆ ನಾಚಿಕೆಯಾಯಿತು. ಅವಳಿಗೆ ಗೊತ್ತಿದ್ದ ಒಂದೇ ಉಪಾಯ ಕೆಲಸ. ಲಟ್ಟಣಿಗೆ, ಮಣೆ ತೊಳೆದಿಟ್ಟಳು. ಒಲೆಯ ಮೇಲೆ ಎಸರಿಟ್ಟು ರಾಗಿ ಹಿಟ್ಟು ಸುರಿದು ತಾನೇ ಮುದ್ದೆ ತೊಳಸಿದಳು. ಎರಡು ಉಂಡೆ ಕಟ್ಟಿ ಒಂದನ್ನು ಭಾಗ್ಯಮ್ಮನ ಮುಂದಿಟ್ಟಳು. ಇನ್ನೊಂದನ್ನು ಭಾಗ್ಯಮ್ಮ ಎತ್ತಿ ಅವಳ ತಟ್ಟೆಗೆ ಹಾಕಿದಳು. ಕೈ ನಡುಗುತ್ತಿತ್ತು, ಆದರೂ ಹಾಕಿದಳು.

ಗೋಧಿ ಬಿಡುವುದು ಹೇಳಿದಷ್ಟು ಸುಲಭವಲ್ಲ, ಅದೂ ಉಪಚಾರಕ್ಕೆ ಹೆಸರಾದ ಊರಿನಲ್ಲಿ. "ಬನ್ನು ತಿಂದ್ರೆ ಕಾಲು ನೋಯ್ತದಂತೆ! ಚಪ್ಲಿ ಹಾಕ್ಕೊಂಡ್ರೆ ಹಲ್ಲು ನೋಯ್ತದಾ?" ಎಂದು ಬೈರಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. ನಕ್ಕ ಮೇಲೆ ಮುನಿಸಿಕೊಂಡಳು, ತಾನು ಕೊಟ್ಟ ಬನ್ನುಗಳನ್ನೆಲ್ಲ ವಿಷ ಎಂದ ಹಾಗಾಯಿತಲ್ಲ ಎಂದು. ಯುಗಾದಿಯ ಒಬ್ಬಟ್ಟು ತಟ್ಟೆಯಿಂದ ವಾಪಸು ಹೋಯಿತು. ಮದುವೆ ಮನೆಗಳಲ್ಲಿ ಚಿರೋಟಿ ಬೇಡ ಎಂದರೆ ಬೀಗರು ಮುಖ ಸಿಂಡರಿಸಿದರು. ಭಾಗ್ಯಮ್ಮ ಮಾತ್ರ ಈಗ ಮೊದಲು ಬ್ರೆಡ್ಡಿಗೆ ಹಿಡಿದಿದ್ದ ಹಠವನ್ನೇ ಇದಕ್ಕೆ ಹಿಡಿದಳು. ಬನ್ನು ಹಿಡಿದು ಬಂದವರನ್ನು ಜಗಲಿಯಲ್ಲೇ ತಡೆದು, "ನಮ್ಮಕ್ಕಯ್ಯಂಗೆ ಆಗಲ್ಲ, ಬಾಳೆಹಣ್ಣಿದ್ರೆ ಕೊಟ್ಟೋಗಿ" ಎನ್ನುವಳು.

ಆದರೂ ಕಾಲು ಅವಳು ಬಯಸಿದಷ್ಟು ಬೇಗ ಮಾತು ಕೇಳಲಿಲ್ಲ. ಉರಿ ಇಳಿಯಿತು, ಜೋಮು ಉಳಿಯಿತು. ಅಮ್ಮಯಮ್ಮ ದಿನಾ ಬೆಳಿಗ್ಗೆ ಎದ್ದ ಕೂಡಲೇ ನೆಲದ ಮೇಲೆ ಒಂದು ಹುರುಳಿ ಕಾಳು ಹಾಕಿ, ಕಣ್ಣು ಮುಚ್ಚಿಕೊಂಡು ಅದರ ಮೇಲೆ ಕಾಲಾಡಿಸುವಳು. ಏನೂ ಗೊತ್ತಾಗುತ್ತಿರಲಿಲ್ಲ. ಇದು ಗೋಧಿಯದ್ದೇ ಆಗಿದ್ದರೆ ಇಷ್ಟು ಹೊತ್ತಿಗೆ ಹೋಗಬೇಕಿತ್ತಲ್ಲ? ಅಲ್ಲದಿದ್ದರೆ? ರಸ್ತೆ ಬದಿಯ ರೂಮಿಗೆಂದು ತಮ್ಮ ತರಿಸಿದ್ದ ಕಲ್ಲುಗಳು ಇನ್ನೂ ಅಂಗಳದಲ್ಲೇ ಬಿದ್ದಿದ್ದವು. ಅವುಗಳ ಪಕ್ಕದಲ್ಲಿ ಹಾದುಹೋಗುವಾಗ ಅವಳು ಮುಖ ಆ ಕಡೆ ತಿರುಗಿಸುತ್ತಿದ್ದಳು. ಹುಳುವಿನ ಮನೆಯಲ್ಲಿ ಕಣ್ಣು ಸದಾ ನೆಲಕ್ಕೆ ನೆಟ್ಟಿದ್ದು ಕತ್ತು ಹಿಡಿದುಕೊಳ್ಳುತ್ತಿತ್ತು. ಹೀಗೆ ಒಂದು ಬೆಳೆ ಹೋಯಿತು, ಇನ್ನೊಂದು ಹೋಯಿತು, ಮತ್ತೊಂದು ಹೋಯಿತು.

ತೊಂಬತ್ತೆರಡರ ಚಳಿಗಾಲದ ಬೆಳೆ. ಹುಳುಗಳೆಲ್ಲ ಒಟ್ಟಿಗೇ ಹಣ್ಣಾಗಿಬಿಟ್ಟವು. ಮೈ ಹಳದಿ ತಿರುಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಾ ತಟ್ಟೆಯ ಅಂಚಿಗೆ ಹರಿಯತೊಡಗಿದವು. ತಡ ಮಾಡಿದರೆ ನೂಲು ತಟ್ಟೆಯ ಪಾಲು. ಆದಿನಾರಾಯಣಪ್ಪ ಬಾಡಿಗೆ ಚಂದ್ರಿಕೆಗಳನ್ನು ತರಲು ಓಡಿದ. ಭಾಗ್ಯಮ್ಮ ಹುಳು ಆಯುತ್ತಿದ್ದಳು, ಅಮ್ಮಯಮ್ಮ ತಟ್ಟೆಯಿಂದ ತಟ್ಟೆಗೆ ಹಾರುತ್ತಿದ್ದಳು. ಆ ಗಡಿಬಿಡಿಯಲ್ಲಿ ಅವಳಿಗೆ ನೆಲ ನೋಡುವುದು ಮರೆತೇಹೋಗಿತ್ತು.

ಮೇಲಿನ ತಟ್ಟೆ ಹೊತ್ತುಕೊಂಡು 'ಜರುಗು ಭಾಗ್ಯ' ಎನ್ನುತ್ತಾ ಒಂದು ಹೆಜ್ಜೆ ಮುಂದಿಟ್ಟಳು. ಇಡುತ್ತಿದ್ದ ಕಾಲು ತಾನಾಗಿಯೇ ನಿಂತಿತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ತಣ್ಣಗೆ, ಮೆತ್ತಗೆ, ಏನೋ ಮಿಸುಕಿತು.

ಅವಳು ಉಸಿರು ಹಿಡಿದು ಕಾಲು ಹಿಂದಕ್ಕೆ ತೆಗೆದಳು. ತಟ್ಟೆಯಿಂದ ಉದುರಿದ ಹಣ್ಣು ಹುಳು. ಬದುಕಿತ್ತು. ತಲೆ ಎತ್ತಿ ಅತ್ತಿತ್ತ ಆಡಿಸುತ್ತಿತ್ತು.

"ಭಾಗ್ಯ" ಎಂದಳು. "ಭಾಗ್ಯ, ಗೊತ್ತಾಯ್ತು ಕಣೇ. ನೋಡ್ಲಿಲ್ಲ ನಾನು. ಕಾಲಿಗೇ ಗೊತ್ತಾಯ್ತು."

ಭಾಗ್ಯಮ್ಮ ಬಂದು ಮೊದಲು ತಟ್ಟೆ ಇಳಿಸಿಕೊಂಡಳು, ಆಮೇಲೆ ಹುಳುವನ್ನು ಎತ್ತಿ ತಟ್ಟೆಗೆ ಬಿಟ್ಟು, ಬಾಗಿ ಅಮ್ಮಯಮ್ಮನ ಕಾಲು ನೋಡಿದಳು. ಹಸಿರು ಕಲೆ ಇರಲಿಲ್ಲ. ಅವಳು ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಣ್ಣ ಮಗುವಿನ ಹಾಗೆ ಅತ್ತಳು. "ಇದು ಸರಿಹೋಗ್ದೇ ಇದ್ರೂ ನೀನು ಎಲ್ಲೋಗ್ತಿದ್ದೆ ಅಕ್ಕಯ್ಯ? ನಾನು ಬಿಡ್ತಿದ್ನಾ? ಆ ಟ್ರಂಕಿನ ಮಾತು ಯಾಕಾಡ್ದೆ ಅವತ್ತು?" ಎಂದಳು.

ಅಮ್ಮಯಮ್ಮ ಸುತ್ತ ನೋಡಿದಳು. ಆಯಬೇಕಾದ ತಟ್ಟೆಗಳು ಸಾಲುಸಾಲಾಗಿ ಇದ್ದವು, ಮಾಡಬೇಕಾದ ಕೆಲಸ ರಾಶಿಯಿತ್ತು. ಅವಳು ಗೋಡೆಗೆ ಒರಗಿ, ಕಾಲು ಚಾಚಿಕೊಂಡು, ನೆಲದ ಮೇಲೆ ಕೂತಳು. ಭಾಗ್ಯಮ್ಮ ಒಂದು ತಟ್ಟೆಯನ್ನು ತಂದು ಅವಳ ತೊಡೆಯ ಮೇಲಿಟ್ಟಳು. ಇಬ್ಬರೂ ಹುಳು ಆಯತೊಡಗಿದರು.

ಚಂದ್ರಿಕೆ ಹೊತ್ತು ಒಳಗೆ ಬಂದ ಆದಿನಾರಾಯಣಪ್ಪ ಅಕ್ಕ ಕೂತಿದ್ದನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟ. ಹುಳು ಹಣ್ಣಾದ ಹೊತ್ತಿನಲ್ಲಿ ಅವಳು ಕೂತದ್ದನ್ನು ಅವನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ.

"ಏನಾಯ್ತಕ್ಕಾ? ಕಾಲು ನೋವಾ?"

"ಇಲ್ಲ ಕಣೋ ಆದಿ" ಎಂದಳು ಅಮ್ಮಯಮ್ಮ. ಹೆಬ್ಬೆರಳು ಆಡುತ್ತಿರಲಿಲ್ಲ. "ಕಾಲು ಚೆನ್ನಾಗವೆ. ಅದ್ಕೇ ಕುಂತೆ."